ನೊರೆ ಗೋಡೆಯ ಮೇಲೆ ನಿಲ್ಲಬೇಕು: ಆಹಾರ ಘಟಕಗಳಲ್ಲಿ ಫೋಮ್ ಕ್ಲೀನಿಂಗ್‌ಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಹೊಸಕೋಟೆ ಕಡೆಯ ಇಡ್ಲಿ–ದೋಸೆ ಹಿಟ್ಟಿನ ಘಟಕ, ಬೇಕರಿ, ಪನೀರು ಘಟಕಗಳಲ್ಲಿ ರಾತ್ರಿ ಪಾಳಿಯ ಕ್ಲೀನಿಂಗ್ ಬಕೆಟ್ಟು–ಬ್ರಷ್ಷಿನಿಂದ ಫೋಮ್ ಟ್ಯಾಂಕಿಗೆ, ಅಂದರೆ ಕೆಮಿಕಲ್ ದ್ರಾವಣಕ್ಕೆ ಒತ್ತಡದ ಗಾಳಿ ಬೆರೆಸಿ ನೊರೆಯಾಗಿ ಹೊಡೆಯುವ ಟ್ಯಾಂಕಿಗೆ, ಬದಲಾಗುತ್ತಿದೆ. ಟ್ಯಾಂಕ್ ಕೊಳ್ಳುವುದು ಸುಲಭ. ತೊಂದರೆ ಆಮೇಲೆ ಶುರು. ಗೋಡೆಗೆ ಹೊಡೆದ ನೊರೆ ಎರಡೇ ನಿಮಿಷಕ್ಕೆ ಜಾರಿ ನೆಲ ಸೇರುತ್ತದೆ, ಕೊಳೆ ಅಲ್ಲೇ ಉಳಿಯುತ್ತದೆ. ಆಗ ಎಲ್ಲರ ಕೈ ಮೊದಲು ಹೋಗುವುದು ಕೆಮಿಕಲ್ ಕ್ಯಾನಿನತ್ತ: 3% ಇದ್ದದ್ದು 5% ಆಗುತ್ತದೆ, ತಿಂಗಳ ಖರ್ಚು ಏರುತ್ತದೆ, ನೊರೆ ಮಾತ್ರ ಹಾಗೆಯೇ ಜಾರುತ್ತಿರುತ್ತದೆ. ತಿದ್ದಬೇಕಾದ್ದು ಕೆಮಿಕಲ್ಲನ್ನಲ್ಲ, ಗಾಳಿ–ದ್ರಾವಣದ ಪ್ರಮಾಣ ಮತ್ತು ಗುಳ್ಳೆಯ ಗಾತ್ರವನ್ನು. ಕೊಳೆ ಬಿಡಿಸುವುದು ದ್ರಾವಣ. ಆ ದ್ರಾವಣವನ್ನು ಹತ್ತು ನಿಮಿಷ ಗೋಡೆಗೆ ಅಂಟಿಸಿ ಹಿಡಿಯುವುದಷ್ಟೇ ನೊರೆಯ ಕೆಲಸ.

ಇಲ್ಲಿ ಹೇಳಿರುವುದೆಲ್ಲ ಕಂಪ್ರೆಸರ್‌ಗೆ ಜೋಡಿಸುವ 50 ಲೀಟರಿನ ಸ್ಟೇನ್‌ಲೆಸ್ ಸ್ಟೀಲ್ ಫೋಮ್ ಟ್ಯಾಂಕನ್ನು ಮನಸ್ಸಿನಲ್ಲಿಟ್ಟುಕೊಂಡು. ಗೋಡೆಗೆ ಕೂರಿಸುವ ಫೋಮ್ ಸ್ಟೇಷನ್ ಇದ್ದರೂ ಲೆಕ್ಕ ಬದಲಾಗುವುದಿಲ್ಲ.

ನೊರೆ ಯಾಕೆ ನಿಲ್ಲುತ್ತದೆ, ಯಾಕೆ ಜಾರುತ್ತದೆ

ನೊರೆಯಲ್ಲಿರುವುದು ಗಾಳಿ ಮತ್ತು ನೀರು. ಎರಡೂ ಹರಿಯುವ ವಸ್ತುಗಳೇ. ಆದರೂ ಗಾಳಿಯ ಪಾಲು ಸುಮಾರು 64% ದಾಟಿದರೆ ಗುಳ್ಳೆಗಳು ಒಂದಕ್ಕೊಂದು ಒತ್ತಿಕೊಂಡು, ಅಕ್ಕಪಕ್ಕ ಸರಿಯಲು ಜಾಗವಿಲ್ಲದೆ ಸಿಕ್ಕಿಕೊಳ್ಳುತ್ತವೆ. ಅಲ್ಲಿಂದ ಮುಂದೆ ನೊರೆ ಅರೆ ಗಟ್ಟಿವಸ್ತು. ಒಂದು ಮಿತಿಗಿಂತ ಕಡಿಮೆ ಬಲ ಬಿದ್ದರೆ ಅಲುಗುವುದಿಲ್ಲ, ಮಿತಿ ದಾಟಿದರೆ ಹರಿಯುತ್ತದೆ. ಹರಿಯಲು ತೊಡಗಿದ ಮೇಲೆ ವೇಗ ಹೆಚ್ಚಿದಷ್ಟೂ ತೆಳುವಾಗುತ್ತದೆ. ಟೂತ್‌ಪೇಸ್ಟ್ ಅದುಮಿದರೆ ಬಂದು, ಬ್ರಷ್ ಮೇಲೆ ಕೂತಲ್ಲೇ ಕೂರುವುದು ಇದೇ ಗುಣದಿಂದ. ಈ ಮಿತಿಯನ್ನು ಮುಂದೆ ‘ಹರಿವಿನ ಮಿತಿ’ ಎನ್ನೋಣ.

ಹರಿವಿನ ಮಿತಿ ಎರಡನ್ನು ಅವಲಂಬಿಸಿದೆ: ಗಾಳಿಯ ಪಾಲು 64%ರಿಂದ ಎಷ್ಟು ಮೇಲಿದೆ, ಗುಳ್ಳೆ ಎಷ್ಟು ಸಣ್ಣದಿದೆ. ಅಂದಾಜು ಸೂತ್ರ ಹೀಗೆ: ದ್ರಾವಣದ ಮೇಲ್ಮೈ ಎಳೆತವನ್ನು ಗುಳ್ಳೆಯ ತ್ರಿಜ್ಯದಿಂದ ಭಾಗಿಸಿ, ಗಾಳಿಯ ಪಾಲಿನಿಂದ 0.64 ಕಳೆದು ಬಂದದ್ದರ ವರ್ಗದಿಂದ ಗುಣಿಸಿ, ಅರ್ಧ ಮಾಡಿ. ಸಾಬೂನು ನೀರಿನ ಮೇಲ್ಮೈ ಎಳೆತ ಮೀಟರಿಗೆ 0.025 ನ್ಯೂಟನ್ ಎಂದು ಹಿಡಿಯಿರಿ. ಒಂದು ಲೀಟರ್ ದ್ರಾವಣದಿಂದ 12 ಲೀಟರ್ ನೊರೆ ಬಂದರೆ ಗಾಳಿಯ ಪಾಲು ಸುಮಾರು 92%. ಗುಳ್ಳೆಯ ವ್ಯಾಸ 0.2 ಮಿ.ಮೀ. ಇದ್ದರೆ ಹರಿವಿನ ಮಿತಿ 9–10 ಪಾಸ್ಕಲ್ (ಚದರ ಮೀಟರಿಗೆ ಇಷ್ಟು ನ್ಯೂಟನ್ ಬಲ). ಈ ನೊರೆಯ ಸಾಂದ್ರತೆ ಲೀಟರಿಗೆ 83 ಗ್ರಾಂ. ನೇರ ಗೋಡೆಯ ಮೇಲೆ ಇದರ ಪದರ ಸುಮಾರು 11–12 ಮಿ.ಮೀ. ದಪ್ಪದವರೆಗೆ ತನ್ನ ಭಾರ ತಾನೇ ಹೊರಬಲ್ಲದು. ಅದೇ ನೊರೆಯಲ್ಲಿ ಗುಳ್ಳೆ 1 ಮಿ.ಮೀ. ಆಯಿತೆನ್ನಿ: ಮಿತಿ 2 ಪಾಸ್ಕಲ್‌ಗೆ ಇಳಿಯುತ್ತದೆ, ಎರಡೂವರೆ ಮಿ.ಮೀ. ದಪ್ಪಕ್ಕೇ ಜಾರುತ್ತದೆ. ಇನ್ನು ಗುಳ್ಳೆ ಸಣ್ಣದೇ ಇದ್ದು ನೊರೆ ನೀರಾಗಿದ್ದರೆ, ಅಂದರೆ ಲೀಟರಿಗೆ ಐದೇ ಲೀಟರ್ ಬರುತ್ತಿದ್ದರೆ, ಮಿತಿಯೂ ಕಡಿಮೆ, ಭಾರವೂ ಹೆಚ್ಚು, ಒಂದೂವರೆ ಮಿ.ಮೀ. ಮೇಲೆ ನಿಲ್ಲುವುದಿಲ್ಲ. ಕೆಮಿಕಲ್ ಎಷ್ಟು ಶೇಕಡಾ ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಒಂದು ಮಟ್ಟದ ಮೇಲೆ ಸರ್ಫ್ಯಾಕ್ಟಂಟ್ (ನೊರೆ ಬರಿಸುವ ಸಾಬೂನಿನಂಥ ಅಂಶ) ಹೆಚ್ಚಿಸಿದರೆ ಮೇಲ್ಮೈ ಎಳೆತವೂ ಬದಲಾಗುವುದಿಲ್ಲ.

ಲೆಕ್ಕ ಒಪ್ಪಿದರೂ ನೊರೆ ಕೈಕೊಡುವುದುಂಟು, ಅದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ನಯವಾದ ಮೇಲ್ಮೈ. ಪಾಲಿಶ್ ಮಾಡಿದ ಸ್ಟೀಲಿಗೂ ನೊರೆಗೂ ನಡುವೆ ಕೆಲವೇ ಮೈಕ್ರಾನ್ ದಪ್ಪದ ನೀರಿನ ಪೊರೆ ಇರುತ್ತದೆ. ನೊರೆಯ ಒಳಗೆ ಒಂದು ಗುಳ್ಳೆಯೂ ಅಲುಗದೆ, ಇಡೀ ಹಾಳೆ ಆ ಪೊರೆಯ ಮೇಲೆ ನಿಧಾನ ಜಾರುತ್ತದೆ. ಒರಟು ಸಿಮೆಂಟ್ ಗೋಡೆಯಲ್ಲಿ ನಿಂತ ನೊರೆ ಪಕ್ಕದ ಸ್ಟೀಲ್ ಹಾಪರ್‌ನಲ್ಲಿ (ಯಂತ್ರಕ್ಕೆ ಹಿಟ್ಟು ಸುರಿಯುವ ತೊಟ್ಟಿ) ಜಾರುವುದು ಇದರಿಂದಲೇ.

ಎರಡನೆಯದು ಬಸಿಯುವಿಕೆ. ಗುಳ್ಳೆಗಳ ಪೊರೆಗಳು ಮೂರು ಮೂರಾಗಿ ಸೇರುವ ಅಂಚುಗಳಲ್ಲಿ ಸಣ್ಣ ಕಾಲುವೆಗಳಿರುತ್ತವೆ. 19ನೇ ಶತಮಾನದಲ್ಲಿ ಇವನ್ನು ಅಭ್ಯಸಿಸಿದ ಬೆಲ್ಜಿಯಂನ ಜೋಸೆಫ್ ಪ್ಲಾಟೊ ಹೆಸರಿನಿಂದಲೇ ಇವನ್ನು ಕರೆಯುತ್ತಾರೆ. ದ್ರಾವಣ ಈ ಕಾಲುವೆಗಳಲ್ಲಿ ಕೆಳಗಿಳಿಯುತ್ತದೆ. ಮೇಲೆ ಒಣ ನೊರೆ, ಕೆಳಗೆ ನೀರು. ಒಂದಿಷ್ಟು ಬಸಿಯಲೇಬೇಕು, ಇಲ್ಲದಿದ್ದರೆ ಕೊಳೆಗೆ ದ್ರಾವಣ ತಲುಪುವುದು ಹೇಗೆ? ಎಲ್ಲವೂ ಎರಡು ನಿಮಿಷದಲ್ಲಿ ಬಸಿದರೆ ಮಾತ್ರ ದಂಡ.

ಮೂರನೆಯದು ಗುಳ್ಳೆ ದೊಡ್ಡದಾಗುವುದು. ಸಣ್ಣ ಗುಳ್ಳೆಯೊಳಗೆ ಒತ್ತಡ ಹೆಚ್ಚು, ದೊಡ್ಡದರಲ್ಲಿ ಕಡಿಮೆ. ಪೊರೆಯ ಮೂಲಕ ಅನಿಲ ಸಣ್ಣದರಿಂದ ದೊಡ್ಡದಕ್ಕೆ ನುಸುಳುತ್ತದೆ. ನಿಮಿಷ ಕಳೆದಂತೆ ಸಣ್ಣವು ಮಾಯ, ಹರಿವಿನ ಮಿತಿ ಕುಸಿತ. ಗಾಳಿಯ ಬಹುಪಾಲು ನೈಟ್ರೋಜನ್, ಅದು ನೀರಿನಲ್ಲಿ ಕರಗುವುದು ತೀರ ಕಡಿಮೆ, ಹಾಗಾಗಿ ಕಂಪ್ರೆಸರ್ ಗಾಳಿಯ ನೊರೆ ಸಾಕಷ್ಟು ಹೊತ್ತು ತಾಳುತ್ತದೆ. ಕಾರ್ಬನ್ ಡೈಆಕ್ಸೈಡ್ ತುಂಬಿದ ನೊರೆ ಬೇಗ ಒರಟಾಗುತ್ತದೆ, ಅದು ಈ ಕೆಲಸಕ್ಕೆ ಬೇಡ.

ಹೋಸ್‌ನೊಳಗೆ ನಡೆಯುವುದು

ಟ್ಯಾಂಕ್ ಒತ್ತಡ 5 ಬಾರ್ ಇಟ್ಟಿದ್ದೀರಿ ಎನ್ನಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾತಾವರಣದ ಒತ್ತಡ ಸುಮಾರು 0.9 ಬಾರ್. ಗೇಜ್ 5 ತೋರಿಸಿದರೆ ಒಳಗಿನ ಒಟ್ಟು ಒತ್ತಡ 5.9, ಹೊರಬಿದ್ದ ಗಾಳಿ ಸುಮಾರು ಆರೂವರೆ ಪಟ್ಟು ಉಬ್ಬುತ್ತದೆ. ಚೆನ್ನೈನಲ್ಲಾದರೆ ಆರು ಪಟ್ಟು. ಅಲ್ಲಿನ ಘಟಕದ ಸೆಟ್ಟಿಂಗನ್ನೇ ಇಲ್ಲಿಗೆ ತಂದರೆ ನೊರೆ ತುಸು ಒಣಗಿ ಬರುವುದಕ್ಕೆ ಇದೂ ಒಂದು ಕಾರಣ.

ಹೊರಗೆ 1 ಪಾಲು ದ್ರಾವಣಕ್ಕೆ 11 ಪಾಲು ಇರುವ ಗಾಳಿ ಹೋಸ್‌ನ ಆರಂಭದಲ್ಲಿ ಬರೀ 1.7 ಪಾಲು. ಅಂದರೆ ಗಾಳಿ 63%. ಗುಳ್ಳೆಗಳು ಇನ್ನೂ ಪೂರ್ತಿ ಸಿಕ್ಕಿಕೊಂಡಿರುವುದಿಲ್ಲ, ಹೋಸ್‌ನಲ್ಲಿ ಓಡುವುದು ಗುಳ್ಳೆ ತುಂಬಿದ ದ್ರವ. ನಾಜಲ್‌ನತ್ತ ಬರುತ್ತ ಒತ್ತಡ ಇಳಿದಂತೆ ಅದು ನೊರೆಯಾಗುತ್ತದೆ. ಹೋಸ್ ಇಲ್ಲಿ ಬರೀ ಪೈಪ್ ಅಲ್ಲ, ನೊರೆ ತಯಾರಾಗುವ ಜಾಗ. ಒಳವ್ಯಾಸ 19 ಮಿ.ಮೀ., ಉದ್ದ 10ರಿಂದ 15 ಮೀಟರ್ ಇರಲಿ. ಎರಡೇ ಮೀಟರ್ ಹೋಸ್ ಹಾಕಿದರೆ ಗುಳ್ಳೆ ಒಡೆದು ಸಣ್ಣದಾಗಲು ಸಮಯ ಸಿಗುವುದಿಲ್ಲ. ಹೋಸ್‌ನಲ್ಲಿ ಹರಿವು ತೀರ ನಿಧಾನವಾದರೆ ಗಾಳಿ ಮೇಲೆ, ನೀರು ಕೆಳಗೆ ಬೇರೆಯಾಗಿ ಹೋಸ್ ತುದಿಯ ಸ್ಪ್ರೇ ಗನ್ ಕೆಮ್ಮುತ್ತದೆ: ಒಮ್ಮೆ ನೀರು, ಒಮ್ಮೆ ಗಾಳಿ.

ಸಲಕರಣೆ

ಟ್ಯಾಂಕಿಗೆ ಸೇಫ್ಟಿ ವಾಲ್ವ್, ಒತ್ತಡದ ಗೇಜ್, ಗಾಳಿ ಬಿಡುವ ವಾಲ್ವ್ ಇರಲೇಬೇಕು. ಗಾಳಿ ಲೈನಿನಲ್ಲಿ ರೆಗ್ಯುಲೇಟರ್, ಅದರ ಹಿಂದೆ ನೀರು–ಎಣ್ಣೆ ತಡೆಯುವ ಫಿಲ್ಟರ್. ಕಂಪ್ರೆಸರ್‌ನ ಎಣ್ಣೆ ಗಾಳಿಯ ಜೊತೆ ಬಂದರೆ ನೊರೆಯನ್ನು ಒಳಗಿಂದಲೇ ಒಡೆಯುತ್ತದೆ. ಆಹಾರ ಘಟಕಕ್ಕಂತೂ ಎಣ್ಣೆ ಬರಲೇಬಾರದು. ಟ್ಯಾಂಕಿನಲ್ಲಿ ರಿಟರ್ನ್ ತಡೆಯುವ ವಾಲ್ವ್ ಇದೆಯೇ ನೋಡಿ, ಇಲ್ಲದಿದ್ದರೆ ಕಂಪ್ರೆಸರ್ ನಿಂತಾಗ ಕೆಮಿಕಲ್ ಗಾಳಿ ಲೈನಿಗೆ ನುಗ್ಗುತ್ತದೆ.

ಗಾಳಿ ಎಷ್ಟು ಬೇಕು? ನಿಮಿಷಕ್ಕೆ 6 ಲೀಟರ್ ದ್ರಾವಣ ಹೊಡೆದು 12 ಪಟ್ಟು ನೊರೆ ಮಾಡಲು ನೊರೆಯೊಳಗೆ 66 ಲೀಟರ್ ಗಾಳಿ, ಟ್ಯಾಂಕಿನಲ್ಲಿ ಖಾಲಿಯಾದ ಜಾಗ ತುಂಬಲು ಇನ್ನೊಂದು 39 ಲೀಟರ್. ಒಟ್ಟು 105 ಲೀಟರ್, ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಲೆಕ್ಕದಲ್ಲಿ ಸುಮಾರು 3.7. ಒಳ್ಳೆಯ 2 ಎಚ್‌ಪಿ ಪಿಸ್ಟನ್ ಕಂಪ್ರೆಸರ್ ಇದಕ್ಕೆ ಸಾಕು. ಕ್ಯಾಟಲಾಗಿನಲ್ಲಿ ಬರೆಯುವ ಸಿಎಫ್‌ಎಂ ಬಹಳ ಸಲ ಪಿಸ್ಟನ್ ಸರಿದ ಗಾತ್ರ. ಕೈಗೆ ಸಿಗುವ ಗಾಳಿ ಅದಕ್ಕಿಂತ ಕಡಿಮೆ. ಅದನ್ನು ಕೇಳಿಯೇ ಕೊಳ್ಳಿ. ಬಾಲ್ ವಾಲ್ವ್, ನೀಡಲ್ ವಾಲ್ವ್ (ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಹೊಂದಿಸುವ ವಾಲ್ವ್), ಕಪ್ಲಿಂಗ್, ಚಪ್ಪಟೆ ಫ್ಯಾನ್ ನಾಜಲ್ ಎಲ್ಲ ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಯಲ್ಲಿ ಸಿಗುತ್ತವೆ. ಹಿತ್ತಾಳೆ ಫಿಟ್ಟಿಂಗ್ ಅಗ್ಗ, ಆದರೆ ಕ್ಲೋರಿನ್ ಇರುವ ಕೆಮಿಕಲ್ ಬಳಸುವವರು ಸ್ಟೇನ್‌ಲೆಸ್ ಸ್ಟೀಲಿನದೇ ಕೊಳ್ಳುವುದು ಮೇಲು.

ಗಾಳಿ ಮತ್ತು ದ್ರಾವಣ ಕೂಡುವ ಜಾಗದ ಆಚೆ ಒಂದು ಗೇಣುದ್ದದ ಸ್ಟೀಲ್ ಜಾಲರಿಯ ಪ್ಯಾಕ್ ಇರುತ್ತದೆ. ಹಲವು ರಂಧ್ರಗಳಲ್ಲಿ ನುಸುಳುವಾಗ ಗುಳ್ಳೆ ತುಂಡಾಗಿ ಸಣ್ಣದಾಗುವುದು ಅಲ್ಲೇ. ಕೆಲವು ಅಗ್ಗದ ಟ್ಯಾಂಕುಗಳಲ್ಲಿ ಇದೇ ಇರುವುದಿಲ್ಲ.

ನೀರು

ನೊರೆ ಕೆಡಲು ಬೆಂಗಳೂರಿನಲ್ಲಿ ಅತಿ ದೊಡ್ಡ ಕಾರಣ ಬೋರ್ ನೀರು. ಕಾವೇರಿ ನೀರು ಅದಕ್ಕಿಂತ ಎಷ್ಟೋ ಮೆದು. ಟ್ಯಾಂಕರ್ ನೀರು ಬಂದರೆ ಅದು ಯಾವ ಬೋರಿನದು ಎಂದು ಯಾರೂ ಹೇಳುವುದಿಲ್ಲ, ಇವತ್ತಿನದು ನಿನ್ನೆಯದರಂತೆ ಇರಬೇಕೆಂದೂ ಇಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸರ್ಫ್ಯಾಕ್ಟಂಟ್‌ನ ಒಂದು ಭಾಗವನ್ನು ಹಿಡಿದು ಗಸಿ ಮಾಡುತ್ತವೆ. ಕಾಸ್ಟಿಕ್ ಸೋಡಾ ಜೊತೆ ಸೇರಿ ಸ್ಟೀಲಿನ ಮೇಲೆ ಬಿಳಿ ಪದರ ಕಟ್ಟುತ್ತವೆ. ಹನಿ ಹಾಕಿ ಬಣ್ಣ ನೋಡುವ ಗಡಸುತನದ ಕಿಟ್ ಒಂದು ಇಟ್ಟುಕೊಳ್ಳಿ, ಹೊಸ ಟ್ಯಾಂಕರ್ ಬಂದಾಗಲೆಲ್ಲ ನೋಡಿ. 150–200 ಪಿಪಿಎಂ (ಲೀಟರಿಗೆ ಮಿ.ಗ್ರಾಂ) ದಾಟಿದರೆ ದ್ರಾವಣಕ್ಕೆ ಸಾಫ್ಟನರ್ ನೀರು ಅಥವಾ ಆರ್‌ಒ ನೀರು ಬಳಸಿ. ಇಡೀ ಘಟಕಕ್ಕೆ ಮೆದು ನೀರು ಬೇಕಿಲ್ಲ. ರಾತ್ರಿಗೆ 40 ಲೀಟರ್ ಸಾಕು, ಅಷ್ಟನ್ನು ಕುಡಿಯುವ ನೀರಿನ ಆರ್‌ಒದಿಂದಲೂ ತುಂಬಿಕೊಳ್ಳಬಹುದು. ತೊಳೆಯುವ ನೀರು ಗಡಸಾಗಿದ್ದರೂ ಬದುಕಬಹುದು.

ಕೆಮಿಕಲ್

ಜಿಡ್ಡು, ಹಾಲು, ಹಿಟ್ಟು, ಮಾಂಸದ ಕೊಳೆಗೆ ಕ್ಷಾರದ ಫೋಮ್, ಹೆಚ್ಚಾಗಿ ಕ್ಲೋರಿನ್ ಸೇರಿದ್ದು. ಹಾಲಿನ ಕಲ್ಲು (ಹಾಲಿನ ಖನಿಜ ಕಟ್ಟಿದ ಗಟ್ಟಿ ಪದರ), ಬೋರ್ ನೀರಿನ ಬಿಳಿ ಪದರಕ್ಕೆ ಆಮ್ಲದ ಫೋಮ್, ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲದ್ದು. ದಿನವೂ ಕ್ಷಾರ, ವಾರಕ್ಕೊಮ್ಮೆ ಆಮ್ಲ ಎಂಬುದು ಹೆಚ್ಚಿನ ಘಟಕಗಳಿಗೆ ಸರಿಹೋಗುತ್ತದೆ. ಎರಡನ್ನೂ ಒಂದೇ ಟ್ಯಾಂಕಿನಲ್ಲಿ ಬಳಸುವುದಾದರೆ ನಡುವೆ ಟ್ಯಾಂಕು, ಹೋಸು, ಗೋಡೆ, ನೆಲ, ಚರಂಡಿ ಎಲ್ಲ ತೊಳೆದಿರಬೇಕು: ಕ್ಲೋರಿನ್ ಕೆಮಿಕಲ್ಲಿಗೆ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಪ್ರಾಣಕ್ಕೇ ಅಪಾಯ. ಸಾಧ್ಯವಾದರೆ ಎರಡು ಟ್ಯಾಂಕ್, ಎರಡು ಬಣ್ಣ.

ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ಕಾಸ್ಟಿಕ್ ಸೋಡಾ ಬೆರೆಸಿ ‘ನಮ್ಮದೇ ಫೋಮ್’ ಮಾಡುವ ಪದ್ಧತಿ ಅಲ್ಲಲ್ಲಿ ಇದೆ. ಬೇಡ. ಬಲವಾದ ಕ್ಷಾರದಲ್ಲೂ ಕ್ಲೋರಿನ್‌ನಲ್ಲೂ ತಾಳುವ ಸರ್ಫ್ಯಾಕ್ಟಂಟ್‌ಗಳೇ ಬೇರೆ. ಅಮೈನ್ ಆಕ್ಸೈಡ್ ಅಂಥದ್ದು, ಒಳ್ಳೆಯ ಫೋಮ್ ಕೆಮಿಕಲ್‌ಗಳಲ್ಲಿ ಅದನ್ನೇ ಹಾಕುತ್ತಾರೆ. ಮೇಲಾಗಿ ಅಂಗಡಿಯ ಲಿಕ್ವಿಡ್‌ನಲ್ಲಿ ಸುವಾಸನೆಯೂ ಇರುತ್ತದೆ, ಅದು ನಾಳೆಯ ಪನೀರಿನಲ್ಲಿ ಗೊತ್ತಾಗುತ್ತದೆ.

ಅಲ್ಯೂಮಿನಿಯಂ ಇಡ್ಲಿ ತಟ್ಟೆ, ಬೇಕರಿ ಟ್ರೇಗಳಿಗೆ ಕಾಸ್ಟಿಕ್ ಫೋಮ್ ಹೊಡೆಯಬಾರದು. ಲೋಹ ಕರಗಿ ಕಪ್ಪಾಗುತ್ತದೆ, ಹೈಡ್ರೋಜನ್ ಏಳುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿಗೂ ಇದೇ ಗತಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕ್ಷಾರಕ್ಕೆ ಹೆದರುವುದಿಲ್ಲ, ಆದರೆ ಕ್ಲೋರಿನ್ ಫೋಮ್ ಅದರ ಮೇಲೆ ಒಣಗಲು ಬಿಟ್ಟರೆ ಸಣ್ಣ ಸಣ್ಣ ತೂತು ಬೀಳುತ್ತವೆ. ಕ್ಯಾನುಗಳನ್ನು ತಗಡಿನ ಶೆಡ್‌ನಲ್ಲಿಟ್ಟರೆ ಬೇಸಿಗೆಯಲ್ಲಿ ಕ್ಲೋರಿನ್ ಬಲ ಬೇಗ ಕುಗ್ಗುತ್ತದೆ; ನೆರಳಲ್ಲಿಡಿ, ಮೊದಲು ಬಂದದ್ದು ಮೊದಲು ಖಾಲಿಯಾಗಲಿ.

ನೊರೆ ಹದ ಮಾಡುವುದು

ಕನ್ನಡಕ, ಉದ್ದ ಕೈಗವಸು, ಏಪ್ರನ್, ಗಂಬೂಟು ಹಾಕಿಕೊಂಡ ಮೇಲೆ ಶುರು. ಟ್ಯಾಂಕಿಗೆ ಮೊದಲು 38.8 ಲೀಟರ್ ನೀರು, ಆಮೇಲೆ 1.2 ಲೀಟರ್ ಕೆಮಿಕಲ್. ಇದು 3%. ಕೆಮಿಕಲ್ ಮೇಲೆ ನೀರು ಸುರಿದರೆ ಟ್ಯಾಂಕಿನೊಳಗೇ ನೊರೆ ತುಂಬಿ ಮುಚ್ಚಳ ಹಾಕಲಾಗುವುದಿಲ್ಲ. ಮೇಲಿನ 10 ಲೀಟರ್ ಜಾಗ ಗಾಳಿಗೆ. ನೀರು 25–35 °ಸೆ. ಇರಲಿ, 50 ದಾಟಿದರೆ ದ್ರಾವಣ ತೆಳುವಾಗಿ ಬೇಗ ಬಸಿಯುತ್ತದೆ, ಕ್ಲೋರಿನ್ನೂ ಹಾರುತ್ತದೆ. ಡಿಸೆಂಬರ್–ಜನವರಿಯ ಬೆಳಗಿನ ಜಾವ ಓವರ್‌ಹೆಡ್ ಟ್ಯಾಂಕಿನ ನೀರು ತಣ್ಣಗಿರುತ್ತದೆ, ಒಂದಿಷ್ಟು ಬಿಸಿನೀರು ಬೆರೆಸಿಕೊಳ್ಳಿ.

ಮುಚ್ಚಳ ಬಿಗಿದು ಗಾಳಿ ಕೊಡಿ, ರೆಗ್ಯುಲೇಟರ್ 5 ಬಾರ್‌ಗೆ ನಿಲ್ಲಿಸಿ. ಒಂದು ಮಾತು: ಒತ್ತಡವಿದ್ದಾಗ ಮುಚ್ಚಳ ಮುಟ್ಟಬಾರದು. 10 ಸೆಂ.ಮೀ. ಬಾಯಿಯ ಮುಚ್ಚಳದ ಮೇಲೆ 5 ಬಾರ್‌ನಲ್ಲಿ ಸುಮಾರು 400 ಕೆ.ಜಿ. ಭಾರದಷ್ಟು ಬಲ ಇರುತ್ತದೆ.

ದ್ರಾವಣದ ವಾಲ್ವ್ ಪೂರ್ತಿ ತೆರೆಯಿರಿ, ಗಾಳಿಯ ನೀಡಲ್ ವಾಲ್ವ್ ಮುಚ್ಚಿರಲಿ. ಗನ್‌ನಿಂದ ನೀರು ಬರುತ್ತದೆ. ಈಗ ನೀಡಲ್ ವಾಲ್ವನ್ನು ಕಾಲು ಸುತ್ತು ತಿರುಗಿಸಿ, ಹತ್ತು ಸೆಕೆಂಡ್ ಕಾಯಿರಿ, ಮತ್ತೆ ಕಾಲು ಸುತ್ತು. ಹೋಸ್ ತುಂಬ ಹಳೆಯ ಮಿಶ್ರಣ ಇರುವುದರಿಂದ ಬದಲಾವಣೆ ಗನ್‌ಗೆ ಬರಲು ಹೊತ್ತು ಹಿಡಿಯುತ್ತದೆ. ಅವಸರಪಟ್ಟು ತಿರುಗಿಸುತ್ತ ಹೋದರೆ ಹದ ದಾಟಿ ಬಹಳ ದೂರ ಹೋಗಿರುತ್ತೀರಿ.

ಕಣ್ಣಂದಾಜು ಸಾಲದು, ತೂಗಿ ನೋಡಿ. ಒಂದು ಲೀಟರ್ ಸ್ಟೀಲ್ ಅಳತೆ ಪಾತ್ರೆ, ಅಡುಗೆಮನೆಯ ತೂಕದ ಯಂತ್ರ ಸಾಕು. ಪಾತ್ರೆಯಲ್ಲಿ ಟೊಳ್ಳು ಉಳಿಯದಂತೆ ನೊರೆ ತುಂಬಿ, ಸ್ಕೇಲಿನಿಂದ ಬಾಯಿ ಮಟ್ಟ ಮಾಡಿ, ಪಾತ್ರೆಯ ತೂಕ ಕಳೆಯಿರಿ. 1000ವನ್ನು ಆ ಗ್ರಾಂನಿಂದ ಭಾಗಿಸಿದರೆ ಎಷ್ಟು ಪಟ್ಟು ಉಬ್ಬಿದೆ ಎಂದು ಗೊತ್ತಾಗುತ್ತದೆ. ಗೋಡೆ, ಯಂತ್ರದ ಪಕ್ಕಗಳಿಗೆ 70–100 ಗ್ರಾಂ. ಚಾವಣಿ, ಕನ್ವೇಯರ್ ಅಡಿಭಾಗಕ್ಕೆ 55–65. ನೆಲ, ಚರಂಡಿ, ಬಿರುಕುಗಳಿಗೆ ನೀರಾದ ನೊರೆ, 120–150 ಗ್ರಾಂ, ಯಾಕೆಂದರೆ ಅಲ್ಲಿ ಹರಿದು ಒಳನುಗ್ಗುವುದೇ ಬೇಕು.

ತೂಕ ಸರಿಯಿದ್ದೂ ಜಾರಿದರೆ ಗುಳ್ಳೆಯನ್ನು ನೋಡಬೇಕು. ಮಿ.ಮೀ. ಗೆರೆಯಿರುವ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನು ನೊರೆಯ ಮೇಲೆ ಮೆಲ್ಲಗೆ ಇಟ್ಟು ಮೊಬೈಲ್‌ನಲ್ಲಿ ಹತ್ತಿರದಿಂದ ಫೋಟೊ ತೆಗೆದು ದೊಡ್ಡದು ಮಾಡಿ. ಒಂದು ಮಿ.ಮೀ. ಗೆರೆಯ ನಡುವೆ ನಾಲ್ಕೈದು ಗುಳ್ಳೆ ಕೂತಿದ್ದರೆ ಉತ್ತಮ. ಒಂದೇ ಗುಳ್ಳೆ ಎರಡು ಗೆರೆ ಮುಟ್ಟುತ್ತಿದ್ದರೆ ಜಾಲರಿ ಪ್ಯಾಕ್ ಕಟ್ಟಿದೆ ಅಥವಾ ಸವೆದಿದೆ.

ಬಸಿಯುವುದನ್ನು ಒಂದು ಲೀಟರಿನ ಅಳತೆ ಜಾರ್‌ನಲ್ಲಿ ನೋಡಬಹುದು. 80 ಗ್ರಾಂ ನೊರೆಯಿಂದ ತಳದಲ್ಲಿ 20 ಮಿ.ಲೀ. ಕೂಡಲು ಎಷ್ಟು ಹೊತ್ತು? 3–4 ನಿಮಿಷಕ್ಕಿಂತ ಬೇಗ ಬಂದರೆ ನೀರು ಗಡಸು, ದ್ರಾವಣ ಬಿಸಿ, ಅಥವಾ ಕೆಮಿಕಲ್ ನಿಜಕ್ಕೂ ಕಡಿಮೆ. ಕೊನೆಗೆ, ಅಡಿ ಉದ್ದಗಲದ ಸ್ಟೀಲ್ ತಗಡನ್ನು ನೆಟ್ಟಗೆ ನಿಲ್ಲಿಸಿ ಬೆರಳಿನ ಅರ್ಧ ದಪ್ಪಕ್ಕೆ ನೊರೆ ಹೊಡೆದು ಮೇಲಂಚು ಗುರುತಿಡಿ. ಐದು ನಿಮಿಷದಲ್ಲಿ ಮೂರ್ನಾಲ್ಕು ಬೆರಳಗಲಕ್ಕಿಂತ ಹೆಚ್ಚು ಜಾರಬಾರದು. ಹದ ಸಿಕ್ಕಿದ ಮೇಲೆ ನೀಡಲ್ ವಾಲ್ವಿನ ಮೇಲೆ ಪೇಂಟ್ ಗುರುತು ಹಾಕಿ, ನಾಳೆಯ ಪಾಳಿಯವರು ಮೊದಲಿನಿಂದ ಹುಡುಕಬೇಕಿಲ್ಲ.

ಕೆಲಸದ ಕ್ರಮ

ಹೆಜ್ಜೆ 1: ಒಣ ಕ್ಲೀನಿಂಗ್. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ. ಪ್ಯಾನೆಲ್, ಮೋಟಾರ್, ಬೇರಿಂಗ್‌ಗೆ ಪಾಲಿಥೀನ್ ಸುತ್ತಿ. ಹಿಟ್ಟು, ತುಂಡು, ಜಿಡ್ಡನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ಕಸಕ್ಕೆ ಹಾಕಿ, ಚರಂಡಿಗಲ್ಲ. ಇಲ್ಲಿ ತೆಗೆದ ಒಂದು ಕೆ.ಜಿ. ಹಿಟ್ಟು ಇಟಿಪಿಗೆ (ಘಟಕದ ಕೊಳಚೆ ನೀರು ಶುದ್ಧೀಕರಣ ಘಟಕ) ಹೋಗದ ಒಂದು ಕೆ.ಜಿ. ಹೊರೆ.

ಹೆಜ್ಜೆ 2: ಮೊದಲ ತೊಳೆತ. ಮೇಲಿನಿಂದ ಕೆಳಗೆ. ತುಪ್ಪ, ಬೆಣ್ಣೆ, ಕರಿದ ಎಣ್ಣೆಯ ಜಿಡ್ಡಿಗೆ 45–50 °ಸೆ. ನೀರು. ಇಡ್ಲಿ ಹಿಟ್ಟು, ಮೈದಾ, ಹಾಲಿಗೆ ಉಗುರುಬೆಚ್ಚಗಿನ ನೀರೇ ಸರಿ. 60 ದಾಟಿದ ನೀರು ಬಿದ್ದರೆ ಉದ್ದಿನ, ಹಾಲಿನ ಪ್ರೋಟೀನ್ ಗಟ್ಟಿಯಾಗುತ್ತದೆ, ಅಕ್ಕಿಯ ಪಿಷ್ಟ ಬೆಂದು ಅಂಟಾಗುತ್ತದೆ, ಹಾಪರ್ ಗೋಡೆಯ ಮೇಲೆ ಇಡ್ಲಿ ಬೇಯಿಸಿದ ಹಾಗೆಯೇ. ಎಣ್ಣೆಯ ಹನಿಗಳು ಗುಳ್ಳೆಯ ಪೊರೆಯನ್ನು ಒಡೆಯುತ್ತವೆ, ಆದ್ದರಿಂದ ಜಿಡ್ಡಿನ ಮೇಲಿನ ಪದರ ಇಲ್ಲೇ ಹೋಗಬೇಕು. ತೊಳೆದ ನೀರು ಬಸಿಯಲು ಎರಡು ನಿಮಿಷ ಬಿಡಿ. ನಿಂತ ನೀರಿನ ಮೇಲೆ ಬಿದ್ದ ನೊರೆ ತೆಳುವಾಗಿ ಜಾರುತ್ತದೆ.

ಹೆಜ್ಜೆ 3: ನೊರೆ ಹೊಡೆಯುವುದು. ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ಇಳಿದ ದ್ರಾವಣ ಕೆಳಗಿನ ಒಣ ಕೊಳೆಯ ಮೇಲೆ ಗೆರೆ ಎಳೆಯುತ್ತದೆ, ಎಲ್ಲಿ ಹೊಡೆದಿದೆ ಎಲ್ಲಿ ಇಲ್ಲ ಎಂಬುದೂ ತಿಳಿಯುವುದಿಲ್ಲ. ಗನ್ ಒಂದರಿಂದ ಒಂದೂವರೆ ಮೀಟರ್ ದೂರ, ಪಟ್ಟಿಯ ಮೇಲೆ ಪಟ್ಟಿ ಸ್ವಲ್ಪ ಹತ್ತಿಸಿ. ಪದರ 6 ಮಿ.ಮೀ. ಸಾಕು. ಹೆಚ್ಚು ದಪ್ಪ ಹೊಡೆದರೆ ಹರಿವಿನ ಮಿತಿ ದಾಟಿ ಇಡೀ ಹಾಳೆ ಕಳಚುತ್ತದೆ, ಕಳಚುವಾಗ ಕೆಳಗಿನದನ್ನೂ ಎಳೆದುಕೊಂಡು ಹೋಗುತ್ತದೆ. 6 ಮಿ.ಮೀ. ಅಂದರೆ ಚದರ ಮೀಟರಿಗೆ ಅರ್ಧ ಲೀಟರ್ ದ್ರಾವಣ, 40 ಲೀಟರಿಗೆ 80 ಚದರ ಮೀಟರ್. ನಿಮ್ಮ ಟ್ಯಾಂಕ್ ಅದರ ಅರ್ಧಕ್ಕೇ ಖಾಲಿಯಾಗುತ್ತಿದ್ದರೆ ದಪ್ಪ ಹೊಡೆಯುತ್ತಿದ್ದೀರಿ ಅಥವಾ ನೊರೆ ನೀರಾಗಿದೆ. ಕನ್ವೇಯರ್ ಬೆಲ್ಟಿನ ಒಳಮೈ, ಮೇಜಿನ ಅಡಿ, ಕಾಲುಗಳ ಬೆಸುಗೆ ಮೂಲೆ ತಪ್ಪದಿರಲಿ.

ಹೆಜ್ಜೆ 4: ಕಾಯುವುದು. 10ರಿಂದ 15 ನಿಮಿಷ, ಒಣಗುವ ಮೊದಲು. ಮಾರ್ಚ್–ಏಪ್ರಿಲ್‌ನ ಒಣ ಹವೆಯಲ್ಲಿ ಹಗಲು ಕ್ಲೀನಿಂಗ್ ಮಾಡಿದರೆ ಎಂಟೇ ನಿಮಿಷಕ್ಕೆ ಅಂಚು ಒಣಗಬಹುದು. ಫ್ಯಾನ್, ಏರ್ ಕರ್ಟನ್ ಆಫ್ ಮಾಡಿ. ದೊಡ್ಡ ಹಾಲ್ ಆದರೆ ಒಂದೇ ಸಲ ಎಲ್ಲ ಹೊಡೆಯದೆ ಭಾಗ ಮಾಡಿಕೊಳ್ಳಿ. ಒಣಗುತ್ತಿದೆ ಅನಿಸಿದರೆ ತೆಳುವಾಗಿ ಮತ್ತೊಂದು ಪದರ ಕೊಡಿ. ಹಳೆಯ ಕರಕಲು, ಒಣಗಿದ ಹಿಟ್ಟಿನ ಮೇಲೆ ಮಾತ್ರ ಬ್ರಷ್ ಆಡಿಸಿ; ಫೋಮ್ ಹಾಕಿದರೆ ಬ್ರಷ್ಷೇ ಬೇಡ ಎಂದು ಮಾರುವವರು ಹೇಳುವುದು ದಿನವೂ ಕ್ಲೀನ್ ಆಗುವ ಮೇಲ್ಮೈಗಷ್ಟೇ ನಿಜ.

ಹೆಜ್ಜೆ 5: ತೊಳೆಯುವುದು. ಮೊದಲು ನೆಲದ ನೊರೆಯನ್ನು ಚರಂಡಿಯತ್ತ ತಳ್ಳಿ, ಆಮೇಲೆ ಗೋಡೆ–ಯಂತ್ರ ಮೇಲಿನಿಂದ ಕೆಳಗೆ, ಕೊನೆಗೆ ಮತ್ತೆ ನೆಲ. ನೀರಿನ ಒತ್ತಡ 20–25 ಬಾರ್ ಸಾಕು. ಕಾರು ತೊಳೆಯುವ 100 ಬಾರ್‌ನ ಜೆಟ್ ಬಳಸಿದರೆ ಚರಂಡಿಯ ಕೊಳೆ, ಅದರಲ್ಲಿನ ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಹನಿಯಾಗಿ ಹಾರಿ ಈಗಷ್ಟೇ ತೊಳೆದ ಯಂತ್ರದ ಮೇಲೆ ಕೂರುತ್ತದೆ. ಬೇರಿಂಗ್ ಗ್ರೀಸೂ ಹೋಗುತ್ತದೆ.

ಹೆಜ್ಜೆ 6: ಪರೀಕ್ಷೆ, ಸೋಂಕುನಾಶ. ಟಾರ್ಚನ್ನು ಮೇಲ್ಮೈಗೆ ಓರೆಯಾಗಿ ಹಿಡಿದು ನೋಡಿ. ನೀರು ಹಾಳೆಯಾಗಿ ಇಳಿದರೆ ಶುದ್ಧ, ಮಣಿಮಣಿಯಾಗಿ ಒಡೆದರೆ ಜಿಡ್ಡು ಉಳಿದಿದೆ. ತೊಳೆದ ನೀರಿಗೆ ಪಿಎಚ್ ಪಟ್ಟಿ ಅದ್ದಿ ಬೋರ್ ನೀರಿನ ಪಿಎಚ್‌ಗೆ ಹೋಲಿಸಿ. ಆಮೇಲೆ ಸೋಂಕುನಾಶಕ, ಲೇಬಲ್ ಹೇಳಿದ ಪ್ರಮಾಣದಲ್ಲಿ. ಕ್ವಾಟ್ (ಕ್ವಾಟರ್ನರಿ ಅಮೋನಿಯಂ ಸೋಂಕುನಾಶಕ) ಬಳಸುವವರು ಮುಂಚಿನ ತೊಳೆತದಲ್ಲಿ ಜಿಪುಣತನ ಮಾಡಬಾರದು: ಸಾಮಾನ್ಯ ಡಿಟರ್ಜೆಂಟ್‌ನ ಋಣ ಅಯಾನುಗಳು ಕ್ವಾಟ್‌ನ ಧನ ಅಯಾನುಗಳ ಜೊತೆ ಜೋಡಿಯಾಗಿ ಎರಡೂ ನಿಷ್ಪ್ರಯೋಜಕ. ಎಫ್‌ಎಸ್‌ಎಸ್‌ಎಐನ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 2011ರ ಲೈಸೆನ್ಸಿಂಗ್ ನಿಯಮಗಳ ಶೆಡ್ಯೂಲ್ 4 ಕ್ಲೀನಿಂಗ್ ವ್ಯವಸ್ಥೆಯನ್ನು ಕಡ್ಡಾಯ ಮಾಡುತ್ತದೆ. ದಿನದ ಹಾಳೆಯಲ್ಲಿ ಕೆಮಿಕಲ್ ಶೇಕಡಾ, ನೊರೆಯ ತೂಕ, ಕಾದ ನಿಮಿಷ ಬರೆದಿಟ್ಟರೆ ಇನ್‌ಸ್ಪೆಕ್ಷನ್‌ಗೂ ಆಯಿತು, ದೋಷ ಹುಡುಕಲೂ ಆಯಿತು.

ಕೆಟ್ಟಾಗ ಎಲ್ಲಿ ನೋಡಬೇಕು

ಗನ್ ಕೆಮ್ಮುತ್ತಿದ್ದರೆ ಗಾಳಿ ಹೆಚ್ಚಾಗಿದೆ ಅಥವಾ ದ್ರಾವಣ ಮುಗಿಯುತ್ತ ಬಂದಿದೆ. ನೀಡಲ್ ವಾಲ್ವ್ ಅರ್ಧ ಸುತ್ತು ಹಿಂದಕ್ಕೆ ತಂದು ನೋಡಿ. ಶುರುವಿನಲ್ಲಿ ಚೆನ್ನಾಗಿದ್ದ ನೊರೆ ಐದು ನಿಮಿಷದಲ್ಲಿ ನೀರಾದರೆ ಕಂಪ್ರೆಸರ್ ಸೋಲುತ್ತಿದೆ: ಹೊಡೆಯುವಾಗ ಗೇಜ್ ಮೇಲೆ ಕಣ್ಣಿಡಿ, 5ರಿಂದ 3ಕ್ಕೆ ಇಳಿದರೆ ಅದೇ ಕಾರಣ. ಅದೇ ಲೈನಿನಲ್ಲಿ ಪ್ಯಾಕಿಂಗ್ ಮೆಷಿನ್ ಓಡುತ್ತಿದೆಯೇ ಕೇಳಿ.

ನೊರೆ ಹಗುರಾಗಿ, ಬೆಳ್ಳಗೆ, ಗೋಡೆಗೆ ಕಚ್ಚಿ ಗಂಟೆಗಟ್ಟಲೆ ನಿಂತಿದೆಯೆಂದು ಖುಷಿಪಡಬೇಡಿ. ಲೀಟರಿಗೆ 40 ಗ್ರಾಂಗಿಂತ ಕಡಿಮೆ ತೂಗುವ ನೊರೆಯಲ್ಲಿ ಕೊಳೆಗೆ ಇಳಿಯುವಷ್ಟು ದ್ರಾವಣವೇ ಇಲ್ಲ, ತೊಳೆಯಲು ಮಾತ್ರ ದುಪ್ಪಟ್ಟು ನೀರು. ಮೇಲ್ವಿಚಾರಕರಿಗೆ ಇದೇ ಹೆಚ್ಚು ಇಷ್ಟವಾಗುವ ನೊರೆ ಎಂಬುದು ಬೇರೆ ಮಾತು.

ಒಂದು ಗೋಡೆಯಲ್ಲಿ ನಿಂತು ಇನ್ನೊಂದರಲ್ಲಿ ಕರಗಿದರೆ ಕರಗಿದ ಕಡೆ ಎಣ್ಣೆ ಇದೆ, ಹೆಜ್ಜೆ 2ಕ್ಕೆ ಮರಳಿ. ಎಲ್ಲ ಕಡೆ ಒಂದೇ ದಿನ ಕೆಟ್ಟರೆ ನೀರು ಬದಲಾಗಿದೆ. ತೊಳೆದ ಮೇಲೆ ಬಿಳಿ ಮಸುಕು ಉಳಿದರೆ ನೊರೆ ಒಣಗಿತ್ತು ಅಥವಾ ಗಡಸು ನೀರಿನ ಪದರ. ಒಂದು ಹನಿ ವಿನೆಗರ್ ಹಾಕಿ, ಗುಳ್ಳೆ ಎದ್ದರೆ ಪದರವೇ. ಹನಿ ಹಾಕುವ ಮೊದಲು ಆ ಜಾಗದಲ್ಲಿ ಕ್ಲೋರಿನ್ ಪೂರ್ತಿ ತೊಳೆದಿದೆ ಎಂದು ಖಚಿತ ಮಾಡಿಕೊಳ್ಳಿ.

ಚರಂಡಿಯ ಆಚೆ

ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ 2015ರಲ್ಲಿ ರಸ್ತೆಗೆ ಹಾರಿದ್ದನ್ನು ಊರೇ ನೋಡಿದೆ. ಕೊಳಚೆ ನೀರಿನ ಜೊತೆ ಬಂದ ಡಿಟರ್ಜೆಂಟ್, ಕೋಡಿಯಲ್ಲಿ ನೀರು ಧುಮುಕುವಾಗ ಬೆರೆತ ಗಾಳಿ: ನಿಮ್ಮ ಟ್ಯಾಂಕಿನಲ್ಲಿ ನಡೆಯುವುದೇ ಅಲ್ಲೂ. ಫೋಮ್ ತೊಳೆದ ನೀರು ಮಳೆನೀರಿನ ಕಾಲುವೆಗೆ ಹೋಗಬಾರದು. ಜಿಡ್ಡು ತಡೆಯುವ ಟ್ರ್ಯಾಪ್, ಅಲ್ಲಿಂದ ಪಿಎಚ್ ಸರಿಮಾಡುವ ತೊಟ್ಟಿ, ಆಮೇಲೆ ಇಟಿಪಿ. ಹೊರಬಿಡುವ ನೀರಿನ ಪಿಎಚ್ 5.5–9ರೊಳಗೆ ಇರಬೇಕೆಂಬುದು ಸಾಮಾನ್ಯ ಮಾನದಂಡ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರದಲ್ಲಿ ನಿಮ್ಮ ಘಟಕಕ್ಕೆ ಬೇರೆ ಮಿತಿ ಇದ್ದರೆ ಅದೇ ಅಂತಿಮ.

ರಾತ್ರಿಯ ಕ್ಲೀನಿಂಗ್ ನೀರೆಲ್ಲ ಅರ್ಧ ಗಂಟೆಯಲ್ಲಿ ಇಟಿಪಿಗೆ ನುಗ್ಗಿದರೆ ಏರೇಶನ್ ತೊಟ್ಟಿ ಉಕ್ಕುತ್ತದೆ, ಕ್ಲೋರಿನ್ ಮತ್ತು ಕ್ವಾಟ್ ಅಲ್ಲಿನ ಸೂಕ್ಷ್ಮಾಣುಗಳನ್ನು ಕೊಲ್ಲುತ್ತವೆ. ಒಂದು ಸಮತೋಲನ ತೊಟ್ಟಿಯಲ್ಲಿ ಹಿಡಿದಿಟ್ಟು ದಿನವಿಡೀ ಸ್ವಲ್ಪ ಸ್ವಲ್ಪವೇ ಬಿಡಿ. ಸಿಲಿಕೋನ್ ಆಂಟಿಫೋಮ್ ತುರ್ತಿಗೆ ಮಾತ್ರ, ಅದೂ ಇಟಿಪಿಯಲ್ಲಿ ಮಾತ್ರ. ಆಂಟಿಫೋಮ್ ಮುಟ್ಟಿದ ಬಕೆಟ್ ಫೋಮ್ ಟ್ಯಾಂಕಿನ ಹತ್ತಿರ ಸುಳಿಯದಿರಲಿ. ಅದರ ಲವಲೇಶ ಉಳಿದರೂ ಮಾರನೆಯ ರಾತ್ರಿ ನೊರೆ ಏಳುವುದಿಲ್ಲ, ಕಾರಣವೂ ಬೇಗ ಹೊಳೆಯುವುದಿಲ್ಲ.

ಪಾಳಿ ಮುಗಿದಾಗ ಗಾಳಿ ಬಿಡುವ ವಾಲ್ವ್ ತೆರೆದು ಗೇಜ್ ಸೊನ್ನೆಗೆ ಬಂದ ಮೇಲೆ ಮುಚ್ಚಳ ತೆಗೆಯಿರಿ. ಉಳಿದ ದ್ರಾವಣ ನಾಳೆಗೆ ಇಡಬೇಡಿ, ಕ್ಲೋರಿನ್ ಬಲ ಹೋಗಿರುತ್ತದೆ. ಐದು ಲೀಟರ್ ಶುದ್ಧ ನೀರು ತುಂಬಿ ಹೋಸ್ ಮೂಲಕ ಪೂರ್ತಿ ಹೊಡೆಯಿರಿ, ಜಾಲರಿ ಪ್ಯಾಕಿನಲ್ಲಿ ಕೆಮಿಕಲ್ ಹರಳುಗಟ್ಟದಂತೆ. ವಾರಕ್ಕೊಮ್ಮೆ ಪ್ಯಾಕ್ ಬಿಚ್ಚಿ ಆಮ್ಲದ ಫೋಮ್ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿ ತೊಳೆದು ಹಾಕಿ, ಆಗಲೂ ಮೊದಲು ಬರೀ ನೀರಿನಲ್ಲಿ ಕ್ಲೋರಿನ್ ಹೋಗುವಂತೆ ತೊಳೆದೇ. ಹೋಸನ್ನು ಮಡಿಸದೆ ಸುರುಳಿ ಸುತ್ತಿ ತೂಗುಹಾಕಿ. ಮಡಿಕೆ ಬಿದ್ದ ಜಾಗದಲ್ಲಿ ಒಳವ್ಯಾಸ ಕಿರಿದಾಗಿ ಗಾಳಿ–ದ್ರಾವಣ ಅಲ್ಲೇ ಬೇರೆಯಾಗುತ್ತವೆ.